ಓರೆ ದಾರಿ

ಹೆರಿಗೆಯ ನೆತ್ತಿನೀರು ಒಡೆದು ಕಂಬಳಿ ತೊಯ್ದಾಗಲೂ ಕೃಷ್ಣಮ್ಮ ಕೂಗಲಿಲ್ಲ. ಕೂಗಿದರೆ ಮಾವ ಬಂದು ಬಾಗಿಲಿಗೆ ಅಗುಳಿ ಹಾಕಿಬಿಡುತ್ತಾನೆಂಬ ಭಯ. ಹಿಂದಿನ ಎರಡು ಹೆರಿಗೆಯಲ್ಲೂ ಕೂಸು ದಕ್ಕಿರಲಿಲ್ಲ. ಈ ಸಲ ನೋವು ಕಂಡ ಕೂಡಲೇ ಹಾಸನಕ್ಕೆ ಬರಬೇಕೆಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ನೋವು ಬಂದದ್ದು ನೋಡಿದರೆ ಅಷ್ಟಗ್ರಹ ಕೂಟದ ದಿನ.

ಆ ಬೆಳಗ್ಗೆ ಕೊರವಂಗಲದಲ್ಲಿ ಯಾರೂ ಹೊಲಕ್ಕೆ ಹೋಗಿರಲಿಲ್ಲ. ಗ್ರಹಗಳೆಲ್ಲ ಮಕರ ರಾಶಿಯಲ್ಲಿ ಸೇರಿ ಸೂರ್ಯನನ್ನು ತೆಂಕಲಲ್ಲೇ ಹಿಡಿದು ನಿಲ್ಲಿಸುತ್ತವೆ, ಅವನಿನ್ನು ಬಡಗಲಿಗೆ ಬರುವುದಿಲ್ಲ ಎಂದು ಸಂತೆಯಿಂದ ಬಂದ ಸುದ್ದಿ ಮನೆಮನೆ ಹೊಕ್ಕಿತ್ತು. ಗಂಡ ಗುಂಡಯ್ಯ ರಸ್ತೆ ಕೆಲಸಕ್ಕೆಂದು ಚನ್ನರಾಯಪಟ್ಟಣದಲ್ಲಿದ್ದ. ಮನೆಯಲ್ಲಿದ್ದವರು ಮಾವ ದೊಡ್ಡಬೀರಯ್ಯ, ತಾಯಿಯಿಲ್ಲದ ತಂಗಿಯ ಹೆರಿಗೆಗೆಂದು ಅರಕಲಗೂಡಿನಿಂದ ಬಂದಿದ್ದ ಅಣ್ಣ ಲಕ್ಕಣ್ಣ ಮೇಷ್ಟ್ರು, ಇಬ್ಬರೇ.

ಕೃಷ್ಣಮ್ಮ ಅಣ್ಣನನ್ನು ಮೆಲ್ಲಗೆ ಕರೆದು ಹೇಳಿದಳು. ಗಾಡಿ ಕಟ್ಟೋಣವೇ ಎಂದು ಲಕ್ಕಣ್ಣ ಮಾವನನ್ನು ಕೇಳಿದ. ಮುದುಕ ಎತ್ತಿನ ಹಗ್ಗ ಬಿಡಲಿಲ್ಲ.

"ಇವತ್ತು ಒಸ್ಲು ದಾಟುದ್ರೆ ತಾಯಿ ಕೂಸು ಇಬ್ರೂ ಉಳಿಯಾಕಿಲ್ಲ ಕಣಪ್ಪ. ಎರಡು ಮಣ್ಣು ಮಾಡಿವ್ನಿ. ಇನ್ನೊಂದು ನನ್ ಕೈಲಾಗಾಕಿಲ್ಲ."

ಲಕ್ಕಣ್ಣ ಅಟ್ಟದಿಂದ ಹಳೆಯ ಜರಡಿಗಳ ಎರಡು ಬಳೆ ತಂದ. ದೊಡ್ಡದನ್ನು ಮಟ್ಟಸವಾಗಿ ಹಿಡಿದು, ಇದು ಆಕಾಶದ ನಡುಗೆರೆ ಎಂದ. ಚಿಕ್ಕದನ್ನು ಅದರೊಳಗೆ ಓರೆಯಾಗಿ ಸಿಕ್ಕಿಸಿ, ಇದು ಸೂರ್ಯ ವರ್ಷವಿಡೀ ನಡೆಯುವ ದಾರಿ ಎಂದ. ಅರ್ಧ ದಾರಿ ಗೆರೆಯ ಕೆಳಗೆ ತೆಂಕಲಲ್ಲಿ, ಅರ್ಧ ಮೇಲೆ ಬಡಗಲಲ್ಲಿ. ಎರಡೂ ಕೂಡುವುದು ಎರಡೇ ಕಡೆ. ತಳಕ್ಕಿಳಿದವನು ಆಗಲೇ ಹೊರಳಿ ಏರುತ್ತಿದ್ದಾನೆ, ಯುಗಾದಿಗೆ ಮುಂಚೆ ಗೆರೆ ದಾಟುತ್ತಾನೆ, ದಾರಿಯೇ ಓರೆಯಾಗಿರುವಾಗ ಅವನನ್ನು ಯಾರು ಹಿಡಿದು ನಿಲ್ಲಿಸಿಯಾರು ಎಂದ.

ಕೃಷ್ಣಮ್ಮ ಒಳಗಿನಿಂದ ನೋಡುತ್ತಿದ್ದಳು. ಅಣ್ಣನ ಕೈಯಲ್ಲಿ ಬಳೆಗಳು ಕಟಕಟ ತಾಗುತ್ತಿದ್ದವು. ಮುದುಕನೂ ಅದನ್ನು ಕಂಡ.

"ಅಂಗಿದ್ಮೇಲೆ ನಿನ್ ಕೈ ಯಾಕ್ಲಾ ನಡುಗ್ತದೆ?"

"ನಂಗೂ ಹೆದ್ರಿಕೆ, ಮಾವ. ಸೂರ್ಯಂದಲ್ಲ. ಇವಳ್ದು."

ಕೃಷ್ಣಮ್ಮ ಗೋಡೆ ಹಿಡಿದು ಎದ್ದಳು. ಮಾವನ ಮುಖ ನೋಡದೆ ಹೊಸ್ತಿಲು ದಾಟಿ ಅಂಗಳದ ಬಿಸಿಲಲ್ಲಿ ನಿಂತಳು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮುದುಕ ಎತ್ತುಗಳಿಗೆ ನೊಗ ಹೂಡುವ ಸದ್ದು ಕೇಳಿಸಿತು.

ಹಾಸನದ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೋಡ ಅಡ್ಡ ಬಂದು ಬೆಳಕು ಮಾಸಿದಾಗಲೆಲ್ಲ ಅವಳು ಅಣ್ಣನ ತೋಳಿಗೆ ಉಗುರು ಊರುತ್ತಿದ್ದಳು. ಗಾಡಿ ಹೊಡೆಯುತ್ತಿದ್ದ ಮುದುಕ ಒಮ್ಮೆಯೂ ತಲೆಯೆತ್ತಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಹುಟ್ಟಿದ ಮೇಲೂ ಎಷ್ಟೋ ಹೊತ್ತು ಸುಮ್ಮನಿದ್ದು, ನರ್ಸಮ್ಮ ಬೆನ್ನು ತಟ್ಟಿ ತಟ್ಟಿ ಸೋತಾಗ ಸಣ್ಣಗೆ ಅತ್ತಿತು.

ಸಂಜೆ ಕೃಷ್ಣಮ್ಮನಿಗೆ ಎಚ್ಚರವಾದಾಗ ದೊಡ್ಡಬೀರಯ್ಯ ಆ ದಿನದ ಬಿಸಿಲು ಕೂಸಿಗೆ ತಾಗದಂತೆ ಪಡುವಣ ಕಿಟಕಿಗೆ ಬೆನ್ನು ಕೊಟ್ಟು, ಟವೆಲನ್ನು ಎರಡೂ ಭುಜಕ್ಕೆ ಹರಡಿಕೊಂಡು ಕೂತಿದ್ದ. ಕೂಸು ಅವನ ನೆರಳಿನೊಳಗೆ ಮಲಗಿತ್ತು. ಅವಳು ನೋಡುತ್ತಿದ್ದಂತೆ ಅವನು ಕುಳಿತಲ್ಲೇ ಇಷ್ಟಿಷ್ಟೇ ಪಕ್ಕಕ್ಕೆ ಸರಿದ. ಬಿಸಿಲು ಮೊದಲು ಕೂಸಿನ ಪಾದಕ್ಕೆ ಬಿತ್ತು.