ಎಡಬಲ ತಿರುಗಿದ ಆಕಾಶ

ನನ್ನ ಗಂಡ ಲೀನ್‌ಹಾರ್ಟ್‌ಗೆ ಬಾಯಿ ಜಾಸ್ತಿ. ನ್ಯೂರೆಂಬರ್ಗಿನ ಯಂತ್ರದವರು ನಕ್ಷತ್ರ ನೋಡಿ ಹೊತ್ತು ತಿಳಿಯಲು ಊರಿಗೊಂದು ಹಿತ್ತಾಳೆ ತಗಡು ಕೊರೆಯುತ್ತಾರೆ, ನನ್ನ ಒಂದೇ ತಗಡು ಎಲ್ಲ ಊರಿಗೂ ಸಾಕು ಎಂದು ಬಿಯರ್ ಅಂಗಡಿಯಲ್ಲೆಲ್ಲ ಕೊಚ್ಚಿಕೊಂಡು ಬಂದಿದ್ದರು. ಲೆಕ್ಕವೇನೋ ಸರಿಯಾಗಿತ್ತು. ಆ ಹಿತ್ತಾಳೆಯ ಮೇಲೆ ಇವರು ಎಳೆದ ಕಮಾನುಗೆರೆಗಳನ್ನು ನೋಡಿದರೆ ಕಣ್ಣಿಗೆ ಹಬ್ಬ. ಕಸುಬುದಾರರ ಕೂಟ ಅದನ್ನು ಒಪ್ಪಿದರೆ ನಮಗೆ ಸ್ವಂತ ಅಂಗಡಿ, ಇಲ್ಲವಾದರೆ ಪಟ ಅಚ್ಚುಹಾಕುವವರ ಮನೆಯಲ್ಲಿ ತಾಮ್ರದ ಅಚ್ಚು ಕೊರೆಯುತ್ತಲೇ ಇವರ ಆಯಸ್ಸು ಮುಗಿಯಬೇಕು.

ಕೂಟದ ಪರವಾಗಿ ಪರೀಕ್ಷೆ ಮಾಡಲು ಕೂತವರು ಸೆಬಾಲ್ಡ್ ಮೇಸ್ತ್ರಿ. ತಗಡನ್ನು ತಿರುಗಿಸಿ ನೋಡಿ, ತಲೆಯೆತ್ತಿ ನಕ್ಕರು.

"ಏನಪ್ಪಾ, ನಿಮ್ಮನೇಲಿ ರೋಹಿಣಿ ಹುಟ್ಟಿದ ಮೇಲೆ ಕೃತ್ತಿಕೆ ಹುಟ್ಟುತ್ತೋ?"

ಕೂಟವೆಲ್ಲ ಗೊಳ್ಳೆಂದಿತು. ಮೊದಲು ಹುಟ್ಟುವುದು ಕೃತ್ತಿಕೆ; ಇವರ ಬೆನ್ನಹಿಂದೆ ನಿಂತಿದ್ದ ನನಗೆ ಎಲ್ಲಿ ತಪ್ಪಿತೆಂದು ಹೊಳೆಯಿತು. ಅಚ್ಚಿನ ತಗಡನ್ನು ಎಡಬಲ ತಿರುಗಿಸಿ ಕೊರೆಯಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಅದೇ ಅಭ್ಯಾಸದಲ್ಲಿ ಇವರು ನಕ್ಷತ್ರದ ಚುಕ್ಕಿಗಳನ್ನೆಲ್ಲ ತಿರುಗಿಸಿ ಇಟ್ಟಿದ್ದರು. ಗೆರೆಗಳು ಎರಡೂ ಕಡೆಗೆ ಒಂದೇ ಥರ ಇದ್ದುದರಿಂದ ತಪ್ಪು ತಿಳಿದಿರಲಿಲ್ಲ. ಹೆಸರು, ಅಂಕಿಗಳನ್ನು ಒತ್ತಿದ್ದು ನಾನು. ಅವು ನೆಟ್ಟಗಿದ್ದವು.

ಇವರು ಬೆವರು ಒರೆಸಿಕೊಂಡು ಹೇಳಿದರು: "ಚುಕ್ಕಿ ಇಟ್ಟಿದ್ದು ನನ್ನ ಹೆಂಡ್ತಿ ಸ್ವಾಮಿ."

ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ನಾಚಿಕೆ ತಪ್ಪು ನನ್ನ ತಲೆಗೆ ಬಂದದ್ದಕ್ಕಲ್ಲ, ಇಂಥ ಗಂಡಸಿನ ಕೈ ಹಿಡಿದೆನಲ್ಲ ಎಂಬುದಕ್ಕೆ. ತಪ್ಪು ಇವರದೇ ಆದರೆ ಕೂಟ ಮತ್ತೆ ಒಳಗೆ ಬಿಡುವುದಿಲ್ಲ, ಮನೆಯವರದಾದರೆ ಇನ್ನೊಂದು ತಗಡಿಗೆ ಅವಕಾಶ ಕೊಡುತ್ತದೆ. ಅದು ಇವರಿಗೂ ಗೊತ್ತು, ನನಗೂ ಗೊತ್ತು.

"ಹೌದೇನಮ್ಮಾ?" ಎಂದರು ಮೇಸ್ತ್ರಿ.

ಇವರು ತಮ್ಮ ಬೂಟು ನೋಡುತ್ತಿದ್ದರು. ನಾನು ಹೌದೆಂದೆ.

ಕೆಡಿಸಿದವರೇ ಒಡೆಯಬೇಕು ಎಂಬುದು ಕೂಟದ ಪದ್ಧತಿ. ಸುತ್ತಿಗೆ ನನ್ನ ಕೈಗೆ ಬಂತು. ಆ ಚೆಂದದ ಗೆರೆಗಳ ಮೇಲೆ, ಎಲ್ಲರೂ ನೋಡುತ್ತಿರುವಾಗ, ತಗಡು ಮುದುರುವವರೆಗೂ ಬಡಿದೆ. ಹೊಸ ತಗಡಿಗೆ ಈ ಹೆಂಗಸು ಕೈ ಹಚ್ಚಕೂಡದು ಎಂದು ಮೇಸ್ತ್ರಿ ಅಪ್ಪಣೆ ಮಾಡಿದರು. ಇವರು ತಲೆಯಾಡಿಸಿ ಒಪ್ಪಿಕೊಂಡರು.

ಮನೆಯ ಕಡೆ ನಡೆಯುವಾಗ ನಾನು ಮುಂದೆ, ಇವರು ಹಿಂದೆ. ಸೇತುವೆ ದಾಟಿದ ಮೇಲೆ ಹತ್ತಿರ ಬಂದು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದರು:

"ಲೇ, ಕೃತ್ತಿಕೆ ಯಾವ ಕಡೆ ಬರ್ಬೇಕು? ಒಂದ್ಸಲ ಹೇಳೇ."

ಹೇಳಿದೆ.