ಎರಡು ಮೊಳ ದಾರ

ಹೆಂಡತಿ ತೀರಿಕೊಂಡು ಮೂರು ತಿಂಗಳಾದರೂ ಟೈಲರ್ ಮಾಮನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿಪಿ ಏರಿತ್ತು. ಸಿಡುಕು ಅದಕ್ಕಿಂತ ಮೇಲೇರಿ ಕೂತಿತ್ತು. ಟೀ ತಣ್ಣಗಾಗಿದೆ, ಇಸ್ತ್ರಿ ಪೆಟ್ಟಿಗೆ ಕಾದಿಲ್ಲ ಎಂದು ಎಲ್ಲವೂ ಸೊಸೆಯ ತಲೆಗೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಸೊಸೆ ಮೊದಮೊದಲು ಉತ್ತರ ಕೊಡುತ್ತಿದ್ದಳು. ಈಗ ಅದೂ ನಿಂತಿತ್ತು. ಊಟವನ್ನೂ ಅಡುಗೆಮನೆಯಲ್ಲಿ ಒಬ್ಬಳೇ ಮುಗಿಸುತ್ತಿದ್ದಳು.

ಬಿಪಿ ನೋಡಲು ನರ್ಸಮ್ಮ ಬಂದಾಗ ಮಾಮ ಅಂಗಿಗೆ ಗುಂಡಿ ಹಚ್ಚುತ್ತಿದ್ದರು.

“ಮಾತ್ರೆ ತಗೋತಿದ್ದೀರಾ ಮಾಮ?”

“ಯಾರಿಗೋಸ್ಕರ ತಗೊಳ್ಳಲಿ? ಅವಳು ಹೋದ ಮೇಲೆ ನನ್ನ ಕೇಳೋರೇ ಇಲ್ಲ. ದಿನಾ ಬೆಳಿಗ್ಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ಈ ಮೆತ್ತೆಗೆ ಚುಚ್ಚಿಡ್ತಿದ್ಳು. ನನ್ನ ಕಣ್ಣಿಗೆ ಅದೆಲ್ಲಿ ಕಾಣ್ಬೇಕು?”

“ಅದಕ್ಕೆ ಅತ್ತೆಗೆ ಏನಾದ್ರೂ ಹೇಳಿದ್ರಾ, ಯಾವತ್ತಾದ್ರೂ?”

“ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನಮ್ಮ, ನಾಟಕದವರ ಹಾಗೆ?” ಮಾಮ ನಕ್ಕರು. ನಗು ಅರ್ಧಕ್ಕೇ ನಿಂತಿತು. “ಒಂದ್ಸಲ ದಾರ ಗಿಡ್ಡ ಆಯ್ತು ಅಂತ ಬೈದಿದ್ದೆ. ಅದೊಂದೇ ಹೇಳಿದ್ದು.”

ನರ್ಸಮ್ಮ ಸೂಜಿಯ ಮೆತ್ತೆ ನೋಡಿದಳು. ಬೆಳಿಗ್ಗೆಯಿಂದ ಬಳಸಿದ ಮೂರು ಬಿಟ್ಟು ಉಳಿದ ಒಂಬತ್ತು ಸೂಜಿಗಳಿಂದ ಬಿಳಿ ದಾರ ಇಳಿಬಿದ್ದಿತ್ತು.

“ಅತ್ತೆ ಹೋಗಿ ಮೂರು ತಿಂಗಳಾಯ್ತಲ್ಲ ಮಾಮ. ಇವತ್ತು ಇದಕ್ಕೆಲ್ಲ ದಾರ ಹಾಕಿದ್ಯಾರು?”

ಮಾಮನ ಕೈ ನಿಂತಿತು. ಮೂರು ತಿಂಗಳಲ್ಲಿ ಒಂದು ದಿನವೂ ಮೆತ್ತೆ ಬರಿದಾಗಿರಲಿಲ್ಲ. ಯಾರು ಎಂದು ಒಂದು ದಿನವೂ ಅವರು ಯೋಚಿಸಿರಲಿಲ್ಲ.

“ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ,” ಎಂದು ನರ್ಸಮ್ಮ ಮೆಲ್ಲಗೆ ಹೇಳಿದಳು. “‘ನೀನು ಮಾಡಿದ್ದು ನನಗೆ ಕಾಣ್ತು’ ಅಂದ್ರೆ ಸಾಕು. ಕೇಳಿದವರಿಗೂ ಹಗುರ, ಹೇಳಿದವರಿಗೂ ಹಗುರ. ಮಾತ್ರೆ ಬಿಡಬೇಡಿ, ಇದನ್ನೂ ಬಿಡಬೇಡಿ.”

ನರ್ಸಮ್ಮ ಹೊರಟ ಮೇಲೆ ಮಾಮ ಒಳಗೆ ಮುಖ ಮಾಡಿ ಸೊಸೆಯನ್ನು ಕರೆದರು. “ಮಗಾ, ಈ ದಾರ...”

ಸೊಸೆ ಒದ್ದೆ ಕೈಯಲ್ಲೇ ಓಡಿಬಂದಳು. “ಗಿಡ್ಡ ಆಯ್ತಾ ಮಾವ?”

“ಇಲ್ಲ. ಸರಿಯಾಗಿದೆ. ದಿನಾ ಸರಿಯಾಗೇ ಇತ್ತು. ನಾನೇ ನೋಡಿರಲಿಲ್ಲ.”

ಸೊಸೆ ಹೊಸ್ತಿಲ ಮೇಲೆ ಕೂತು ಮುಖ ತಿರುಗಿಸಿದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದಳು. “ಅತ್ತೆ ಕೊನೇ ವಾರ ಮಲಗಿದಲ್ಲೇ ಕಲಿಸಿಕೊಟ್ರು. ಎರಡು ಮೊಳ ಇರಲಿ, ಗಿಡ್ಡ ಆದ್ರೆ ಅವರಿಗೆ ಸಿಟ್ಟು ಬರುತ್ತೆ ಅಂದ್ರು.”

ಮಾಮ ಇನ್ನೊಂದು ಸೂಜಿ ಎತ್ತಿಕೊಂಡರು. ಕಣ್ಣು ತುಂಬಿ ದಾರವೇ ಕಾಣಲಿಲ್ಲ.

ಈಗ ಮಾವ ಸೊಸೆ ಒಟ್ಟಿಗೆ ಉಣ್ಣುತ್ತಾರೆ. ಅವಳು ಅಂದು ಮಾಡಿದ್ದರಲ್ಲಿ ತಮಗೆ ಕಂಡ ಒಂದನ್ನು ಮಾಮ ತಡವರಿಸುತ್ತಲೇ ಹೇಳುತ್ತಾರೆ. ಒಮ್ಮೊಮ್ಮೆ ಅವಳೂ ಹೇಳುತ್ತಾಳೆ. ಮಾತ್ರೆ ತಪ್ಪಿಲ್ಲ. ಹೆಂಡತಿಗೆ ಹೇಳಬೇಕಾಗಿದ್ದ ಮಾತು ಮಾತ್ರ ಎದೆಯಲ್ಲೇ ಉಳಿದಿದೆ. ಅದಕ್ಕೆ ನರ್ಸಮ್ಮನ ಬಳಿಯೂ ಮದ್ದಿಲ್ಲ.

ಅಕ್ಕಾ, ಅಣ್ಣಾ, ನಿಮ್ಮ ಮನೆಯಲ್ಲೂ ಯಾರೋ ನಿಮಗಾಗಿ ದಾರ ಪೋಣಿಸಿಟ್ಟಿರುತ್ತಾರೆ. ತುಂಬಿಟ್ಟ ಕೊಡ, ಮಡಚಿಟ್ಟ ಬಟ್ಟೆ, ಒರೆಸಿಟ್ಟ ಚಪ್ಪಲಿ. ಇವತ್ತು ಅದರಲ್ಲಿ ಒಂದನ್ನು ಗುರುತಿಸಿ, ಮಾಡಿದವರ ಮುಖ ನೋಡಿ ಹೇಳಿ. ದೊಡ್ಡ ಮಾತು ಬೇಡ. ಕೂಗಿದರೆ ಓಡಿಬರುವಷ್ಟು ಹತ್ತಿರ ಅವರಿರುವಾಗಲೇ ಹೇಳಿ.