ದರ ಅದೇ

ಶವಪೆಟ್ಟಿಗೆಯ ಬಳಿ ಹೂವಿಟ್ಟು ನೆಟ್ಟಗೆ ನಿಲ್ಲುವ ಮೊದಲೇ ರಂಗಮಂದಿರದ ಮಾಲೀಕ ದರದ ಮಾತೆತ್ತಿದ.

“ನಮ್ಮ ಗೋಡೆಗಳಿಗೆ ಬಳ್ಳಿ ಬರೆಯೋ ಕೆಲಸ ನಿನಗೇ ಕೊಡ್ತೀನಮ್ಮ. ಆದ್ರೆ ಆ ದರ ನಿಮ್ಮಮ್ಮನ ಕೈಗೆ ಒಪ್ಪಿದ್ದು. ನೀನು ಅರ್ಧಕ್ಕೆ ಮಾಡ್ಕೊಡು.”

ಮಗಳ ಪಕ್ಕದಲ್ಲಿದ್ದ ಸೋದರಮಾವ ಪಿಸುಗುಟ್ಟಿದ. “ಹೂಂ ಅನ್ನು. ಕೈಗೆ ಬಂದ ತುತ್ತು ಚೆಲ್ಲಬೇಡ.”

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಭಯ. ಗಿರಾಕಿಯ ಎದುರು ಬಾಯಿ ತೆರೆದು ಗೊತ್ತಿಲ್ಲದವಳು ಅವಳು.

*

ಗೋಡೆಗಳಿಗೆ ಹೂಬಳ್ಳಿ ಬಿಡಿಸುವುದು ತಾಯಿ-ಮಗಳ ಕಸುಬು. ಗಿರಾಕಿಯ ಗೋಡೆಯ ಮೇಲೇ ಮೊಳದಗಲದ ಮಾದರಿ ಬರೆದು, ಆ ಕೋಣೆಗೆ ಜನ ಸೇರುವ ಹೊತ್ತಿಗೆ ಅವನನ್ನು ಅದರೆದುರು ಕೂರಿಸುವುದು ಅಮ್ಮನ ಪದ್ಧತಿ. ಹೊಗಳಿಕೊಳ್ಳುವ ಪೈಕಿಯವಳಲ್ಲ. “ಈ ಮೂಲೇಲಿ ತೇವ ಇದೆ, ಸರಿಮಾಡಿಸದಿದ್ರೆ ಬಣ್ಣ ಏಳುತ್ತೆ” ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಆಮೇಲೆ ದರ ಹೇಳುವಳು. ಜಾಸ್ತಿಯಾಯಿತೆಂದರೆ, “ಸರಿ, ಎರಡು ಗೋಡೆ ಬಿಡ್ತೀನಿ. ದರ ಬಿಡಲ್ಲ.”

ಬರೆಯುತ್ತಿದ್ದವಳು ಮಾತ್ರ ಮಗಳು. ಅಮ್ಮನ ಕೈ ನಡುಗತೊಡಗಿದಾಗಿನಿಂದ ಕುಂಚವೆಲ್ಲ ಅವಳದೇ. ಗಿರಾಕಿಗಳು ಅವಳನ್ನು ಡಬ್ಬ ಹೊರುವವಳೆಂದುಕೊಂಡಿದ್ದರು.

“ನಿಜ ಹೇಳಬಾರದಾ ಅಮ್ಮಾ?”

“ಬಣ್ಣ ಬಳಿಯೋದು ನೀನು, ಬೈಸ್ಕೊಳ್ಳೋದು ನಾನು. ಬಾಯಿ ಬಂದ ದಿನ ನೀನೇ ಹೇಳ್ಕೋ.”

*

“ದರ ಅದೇ,” ಎಂದಳು ಮಗಳು. ದನಿ ಒಡೆಯಿತು. ಇನ್ನೊಮ್ಮೆ ಹೇಳಿದಳು. “ದರ ಅದೇ. ನಿಮ್ಮ ಗೋಡೆ ಮೇಲಿನ ಮಾದರಿ ಬಳ್ಳಿ ಬರೆದಿದ್ದು ನಾನು.”

ಮಾಲೀಕ ನಕ್ಕ. “ಸತ್ತೋರು ಎದ್ದು ಬಂದು ಇಲ್ಲ ಅನ್ನಲ್ಲ ಅಂತ ಧೈರ್ಯಾನಾ?”

ಅವಳು ಒಳಗಿನಿಂದ ಹಸಿರು ಬಣ್ಣದ ಡಬ್ಬ, ಕುಂಚ ತಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು.

“ಹುಚ್ಚೇನೇ ನಿನಗೆ? ಹೊರಡೋ ಹೊತ್ತಾಯ್ತು!” ಮಾವ ಕೂಗಿದ.

“ಆಗಲಿ ಮಾವ. ಬರೀ ಹಲಗೆ ಕೆಳಗೆ ಅಮ್ಮನ್ನ ಕಳಿಸಲ್ಲ.”

ಮುಚ್ಚಳದ ಬುಡದಿಂದ ಬಳ್ಳಿ ಎದ್ದಿತು. ಮರದ ಗಂಟನ್ನು ಬಳಸಿಕೊಂಡು ಮೇಲೇರಿತು. ಅದೇ ತಿರುವು, ಅದೇ ಎಲೆ. ಹೊರಲು ಬಂದವರು ಕೈಕಟ್ಟಿ ನಿಂತರು. ಮಾಲೀಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದ.

“ಒಪ್ಪಿದೆ,” ಎಂದ ಮೆಲ್ಲಗೆ.

“ಜೋರಾಗಿ ಹೇಳಿ. ಅಮ್ಮನಿಗೆ ಕಿವಿ ಮಂದ.”

“ಒಪ್ಪಿದೆ! ಅದೇ ದರ!”

“ಹಾಗಾದ್ರೆ ಹೆಗಲು ಕೊಡಿ.”

ಬಣ್ಣ ಆರಲೆಂದು ಯಾರೂ ಕಾಯಲಿಲ್ಲ. ಪೆಟ್ಟಿಗೆ ಬೀದಿಯ ತಿರುವು ದಾಟುವಾಗ, ಮುಚ್ಚಳದಂಚಿಗೆ ತಗುಲಿದ ಮಾಲೀಕನ ಬಿಳಿ ಅಂಗಿಯ ತೋಳಿನ ಮೇಲೆ ಹಸಿರು ಎಲೆಯೊಂದು ಅಚ್ಚೊತ್ತಿತ್ತು.